ಕಾವೇರಿಯ ನೀರು, ಮೇಲುಹೊಲದ ಮಣ್ಣು

ನದಿಯು ಬೆಟ್ಟದಲ್ಲಿ ಹುಟ್ಟಿ ಸಮುದ್ರವನ್ನು ಸೇರುವ ಮಾರ್ಗವನ್ನು ಶಾಲಾ ಬಾಲಕರ ಭೂಗೋಳಪಾಠವೆಂದು ಭಾವಿಸುವುದು ವಾಡಿಕೆಯಾಗಿದೆ. ವಾಸ್ತವವಾಗಿ ಇದನ್ನು ಮೊದಲು ಅರಿಯತಕ್ಕವನು ರೈತನು. ತನ್ನ ಹೊಲದ ಮೇಲೆ ಬಿದ್ದ ಮಳೆ ಯಾವ ಹಳ್ಳ ಹಿಡಿದು ಎಲ್ಲಿಗೆ ಹೋಗುತ್ತದೆ, ಹೋಗುವಾಗ ಏನನ್ನು ಕೊಂಡೊಯ್ಯುತ್ತದೆ ಎಂಬುದು ತಿಳಿದಲ್ಲದೆ ಬದುವಿನ ಬೆಲೆ ತಿಳಿಯಲಾರದು.

ಕಾವೇರಿಯು ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ, ಸುಮಾರು 800 ಕಿಲೋಮೀಟರು ಹರಿದು, ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮೂಡಿಗೆರೆಯ ಸೀಮೆಯಲ್ಲಿ ಹುಟ್ಟಿದ ಹೇಮಾವತಿಯು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹರಿದು, ಮಂದಗೆರೆಯ ಅಣೆಯನ್ನು ದಾಟಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಅದನ್ನು ಕೂಡುತ್ತದೆ. ಲೋಕಪಾವನಿಯು ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿ, ಪಾಂಡವಪುರವನ್ನು ಹಾದು, ಶ್ರೀರಂಗಪಟ್ಟಣದ ಕರಿಘಟ್ಟದ ಬುಡದಲ್ಲಿ, ಅಂದರೆ ಕಟ್ಟೆಯಿಂದ ಕೆಳಗೆ, ಕಾವೇರಿಗೆ ಸೇರುತ್ತದೆ. ನಾಗಮಂಗಲದ ಮೂಡಣ ಭಾಗದ ನೀರು ವೀರವೈಷ್ಣವಿಯ ಮೂಲಕ ಶಿಂಷೆಗೆ ಹೋಗಿ, ಶಿವನಸಮುದ್ರದಿಂದಾಚೆ ಕಾವೇರಿಯನ್ನು ಸೇರುವುದು. ಒಂದೇ ದಿಣ್ಣೆಯ ಎರಡು ಮಗ್ಗುಲಿಗೆ ಬಿದ್ದ ಮಳೆ ಹೀಗೆ ಅಗಲಿ, ಬಹುದೂರದಲ್ಲಿ ಮತ್ತೆ ಒಂದಾಗುತ್ತದೆ.

ಈ ನೀರಿನ ಪಾಲಿನ ವಿಷಯವಾಗಿ ಮಾತು ಬಹಳ ನಡೆದಿದೆ. 1924ರ ಒಪ್ಪಂದದಿಂದ 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ಘನ ಅಡಿಗಳ ಲೆಕ್ಕವೇ ಲೆಕ್ಕ. ನೀರಿನೊಡನೆ ಹೋಗುವ ಮಣ್ಣಿನ ಲೆಕ್ಕವನ್ನು ಕೇಳುವವರು ವಿರಳ. ಹಿಂದೆ ಮೇಲುನಾಡಿನ ಮಣ್ಣು ಪ್ರವಾಹದೊಡನೆ ಇಳಿದು ತಂಜಾವೂರಿನ ಮೆಕ್ಕಲು ಬಯಲನ್ನು ಬೆಳೆಸಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯೂ 1934ರಲ್ಲಿ ಮುಗಿದ ಮೆಟ್ಟೂರು ಕಟ್ಟೆಯೂ ಎದ್ದ ಮೇಲೆ ಅದರ ಬಹುಭಾಗ ಜಲಾಶಯಗಳ ತಳದಲ್ಲಿಯೇ ನಿಲ್ಲುತ್ತದೆ. ಹೇಮಾವತಿಯ ಕಡೆಗೆ ಬಾಗಿದ ಕೃಷ್ಣರಾಜಪೇಟೆಯ ಹೊಲಗಳ ಮಣ್ಣು ಕನ್ನಂಬಾಡಿಗೆ ಸಲ್ಲುವುದು. ನಾಗಮಂಗಲ, ಪಾಂಡವಪುರಗಳ ಮಣ್ಣು ಮೊದಲು ಊರ ಕೆರೆಗಳನ್ನು ತುಂಬಿ, ಮಿಕ್ಕದ್ದು ಮೆಟ್ಟೂರಿನ ದಾರಿ ಹಿಡಿಯುವುದು. ಕನ್ನಂಬಾಡಿಯ ಪೂರ್ಣ ಸಂಗ್ರಹ ಸುಮಾರು 4,945 ಕೋಟಿ ಘನ ಅಡಿಯೆಂದು ನಿರ್ಮಾಣಕಾಲದ ಲೆಕ್ಕ. ಹೂಳು ಕುಳಿತಷ್ಟೂ ನೀರಿಗೆ ಎಡೆ ಕಡಿಮೆ. ಮೇಲಿನವನಿಗೆ ಫಲವತ್ತಾದ ಮೇಲ್ಮಣ್ಣು ನಷ್ಟ; ವಿಶ್ವೇಶ್ವರಯ್ಯ ನಾಲೆಯವನಿಗೆ ನೀರು ನಷ್ಟ.

ಆದುದರಿಂದ ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಹಾಕಿ ಅದರ ಮೇಲೆ ಹುಲ್ಲು ಬೆಳೆಸುವುದು, ರಾಗಿಯಲ್ಲಿ ಅವರೆಯ ಅಕ್ಕಡಿಸಾಲು ಬಿಡುವುದು, ಬೇಸಗೆಯಲ್ಲಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ಖುಷ್ಕಿ ರೈತನ ಸ್ವಂತ ಕಾರ್ಯವಷ್ಟೇ ಆಗಿರದೆ ಇಡೀ ನದಿಯ ಕಾರ್ಯವೂ ಆಗಿದೆ. ಬದು ಹಾಕಿದರೆ ತುಂಡು ಜಮೀನಿನಲ್ಲಿ ನೆಲ ವ್ಯರ್ಥವೆಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಮೇಲಿನ ಹೊಲಕ್ಕೆ ಬದುವಿಲ್ಲದಿದ್ದರೆ ಕೆಳಗಿನವನ ಬದು ಒಂದು ಬಿರುಮಳೆಗೆ ಒಡೆಯುವುದೂ ನಿಜ. ಆದ್ದರಿಂದ ಹಳ್ಳದ ತಲೆಯಿಂದ ಕೆಳಗಿನವರೆಗೆ ಎಲ್ಲರೂ ಕೂಡಿ ಈ ಕೆಲಸವನ್ನು ಕೈಗೊಳ್ಳಬೇಕು. ಅದರ ಖರ್ಚನ್ನು ಬಡ ರೈತನೊಬ್ಬನ ಮೇಲೆ ಹೊರಿಸದೆ, ಜಲಾಶಯ ಸಂರಕ್ಷಣೆಯ ಖರ್ಚೆಂದೇ ಪರಿಗಣಿಸುವುದು ನ್ಯಾಯ.

ಶ್ರೀರಂಗಪಟ್ಟಣದ ತರಿ ರೈತನಿಗೂ ಕರ್ತವ್ಯವುಂಟು. ಬಸಿಗಾಲುವೆಯಿಲ್ಲದ ತಗ್ಗಿನಲ್ಲಿ ಕಬ್ಬಿಗೆ ಮಿತಿಮೀರಿ ನೀರು ಕಟ್ಟಿದರೆ ಬೇರಿಗೆ ಗಾಳಿಯಾಡದು. ಕ್ರಮೇಣ ನೆಲ ಚೌಳಾಗುವುದು. ಮೇಲಿನವನು ಮಣ್ಣನ್ನು ಹಿಡಿದಿಟ್ಟು, ಕೆಳಗಿನವನು ನೀರನ್ನು ಹಿತವಾಗಿ ಬಳಸಿದಲ್ಲಿ ಇಬ್ಬರ ಬೆಳೆಯೂ ನಿಲ್ಲುವುದು. ಮುಂಗಾರು ಬೀಳುವುದಕ್ಕೆ ಮುಂಚೆ ಪ್ರತಿ ಗ್ರಾಮದವರೂ ತಮ್ಮ ಹಳ್ಳವನ್ನು ಮೇಲಿಂದ ಕೆಳಗೆ ಒಮ್ಮೆ ನಡೆದು ನೋಡಿ, ಒಡೆದ ಬದುಗಳನ್ನು ಸರಿಪಡಿಸತಕ್ಕದ್ದು.