ಮಾತ್ರೆ ನುಂಗಿದರೆ ಸಾಲದು, ಅದು ಕರಗಬೇಕು

ಕೆಂಗೇರಿ ಕಡೆಯಿಂದ ಬರುವ ಆಟೋ ಚಾಲಕರೊಬ್ಬರಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿಯಾಗಿತ್ತು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಬರೆದುಕೊಟ್ಟೆ. ಮೂರು ವಾರವಾದರೂ ತುರಿಕೆ ಇಳಿಯಲಿಲ್ಲ. ‘ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ’ ಎಂದರು. ವಿಚಾರಿಸಿದಾಗ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗ್ಯಾಸಿನ ಮಾತ್ರೆಯ ಜೊತೆ ನುಂಗುತ್ತಿದ್ದರೆಂದು ತಿಳಿಯಿತು. ಈ ಕ್ಯಾಪ್ಸೂಲ್ ಕರಗಲು ಊಟವೂ ಬೇಕು, ಹೊಟ್ಟೆಯ ಆಮ್ಲವೂ ಬೇಕು. ಗ್ಯಾಸಿನ ಮಾತ್ರೆ ಆಮ್ಲವನ್ನೇ ತಗ್ಗಿಸುತ್ತದೆ. ಇದನ್ನು ಮೊದಲೇ ಹೇಳದಿದ್ದುದು ನನ್ನ ತಪ್ಪು.

ಪಟ್ಟಿಯ ಮೇಲೆ 100 ಮಿ.ಗ್ರಾಂ. ಎಂದಿದ್ದರೆ ಅಷ್ಟೂ ರಕ್ತ ಸೇರುತ್ತದೆ ಎಂದು ನಾವು ನಂಬುತ್ತೇವೆ. ಹಾಗಾಗುವುದಿಲ್ಲ. ಕರಗದೆ ಉಳಿದ ಔಷಧ ಕರುಳಿನಿಂದ ರಕ್ತಕ್ಕೆ ಹೋಗದೆ ಮಲದೊಂದಿಗೆ ಹೊರಬೀಳುತ್ತದೆ.

ಕಲ್ಲುಸಕ್ಕರೆ ನಿಧಾನವಾಗಿ ಕರಗುತ್ತದೆ, ಪುಡಿ ಮಾಡಿದರೆ ಬೇಗ. ಔಷಧ ತಯಾರಕರ ಉಪಾಯವೂ ಇದೇ. ಇಟ್ರಾಕೊನಜೋಲ್ ಕ್ಯಾಪ್ಸೂಲಿನೊಳಗಿನ ಪುಟ್ಟ ಸಕ್ಕರೆ ಕಾಳುಗಳ ಮೇಲೆ ಔಷಧವನ್ನು ತೆಳುವಾಗಿ ಲೇಪಿಸಿರುತ್ತಾರೆ. ಇನ್ನೊಂದು ಉಪಾಯ, ಸೂಕ್ಷ್ಮ ರಂಧ್ರಗಳುಳ್ಳ ಸಿಲಿಕಾ ಪುಡಿಯಲ್ಲಿ ಔಷಧವನ್ನು ತುಂಬುವುದು. ಇಂಥ ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ನಮ್ಮ ವಿಜಯನಗರದ ಐದಾರು ಮೂವತ್ತು-ನಲವತ್ತು ಸೈಟುಗಳಷ್ಟಾದೀತು! ಅಷ್ಟು ಇಕ್ಕಟ್ಟಿನಲ್ಲಿ ಔಷಧ ಹರಳುಗಟ್ಟಲಾರದು. ನೀರು ಒಳಹೊಕ್ಕಾಗ ಬೇಗ ಕರಗಿ ಹೊರಬರುತ್ತದೆ. 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ರಕ್ತದ ಕೊಬ್ಬಿಳಿಸುವ ಫೆನೋಫೈಬ್ರೇಟನ್ನು ಹೀಗೆ ತುಂಬಿ 12 ಆರೋಗ್ಯವಂತರಿಗೆ ಕೊಟ್ಟಾಗ, ಮಾರುಕಟ್ಟೆಯ ಕ್ಯಾಪ್ಸೂಲಿಗಿಂತ ಸುಮಾರು ಒಂದೂವರೆ ಪಟ್ಟು ಔಷಧ ರಕ್ತ ಸೇರಿತು.

ಒಳ್ಳೆಯ ಸುದ್ದಿಯೇ. ಆದರೆ ಹೆಚ್ಚು ಹೀರಿಕೊಂಡರೆ ಅಡ್ಡಪರಿಣಾಮವೂ ಹೆಚ್ಚಬಹುದು, ಪ್ರಮಾಣವನ್ನು ಇಳಿಸಬೇಕಾಗುತ್ತದೆ. ಬೇರೊಂದು ವಿಧಾನದಿಂದ ತಯಾರಾದ ‘ಸೂಬಾ’ ಇಟ್ರಾಕೊನಜೋಲ್ ಈಗಾಗಲೇ ಅಂಗಡಿಯಲ್ಲಿದೆ. ಅದರ 50 ಮಿ.ಗ್ರಾಂ. ಹಳೆಯ 100ಕ್ಕೆ ಹೆಚ್ಚುಕಡಿಮೆ ಸಮ. ‘ಐವತ್ತು ಎಂದರೆ ಅರ್ಧ ಡೋಸು’ ಎಂದು ಎರಡೆರಡು ನುಂಗಿದರೆ ಯಕೃತ್ತಿಗೆ ತೊಂದರೆಯಾದೀತು.

ಆದ್ದರಿಂದ ಮಿಲಿಗ್ರಾಂ ಸಂಖ್ಯೆಯೊಂದನ್ನೇ ನೋಡಿ ಔಷಧ ಬದಲಿಸುವುದು ಸರಿಯಲ್ಲ. ಸುಲಭವಾಗಿ ಕರಗದ ಔಷಧಗಳನ್ನು ಹೊಸದಾಗಿ ತಯಾರಿಸಲು ಪರವಾನಗಿ ಬೇಕಾದರೆ, ಅದು ಮೂಲ ಔಷಧದಷ್ಟೇ ರಕ್ತ ಸೇರುತ್ತದೆಂದು ಪರೀಕ್ಷಿಸಿ ತೋರಿಸಬೇಕೆಂದು ಕೇಂದ್ರ ಸರ್ಕಾರ 2017ರ ಏಪ್ರಿಲ್‌ನಲ್ಲಿ ನಿಯಮ ಮಾಡಿತು. ಆ ಪರೀಕ್ಷೆಯಲ್ಲಿ ಪಾಸಾದ ವಿಷಯವನ್ನು ಪಟ್ಟಿಯ ಮೇಲೆಯೇ ಮುದ್ರಿಸಬೇಕೆಂಬುದು ನನ್ನ ಅಭಿಪ್ರಾಯ. ಅಗ್ಗದ ಔಷಧವೆಂದರೆ ಕಳಪೆ ಎಂಬ ಅನುಮಾನ ಆಗ ತಾನಾಗಿ ಹೋಗುತ್ತದೆ.

ಅಲ್ಲಿಯವರೆಗೆ ನೀವು ಮಾಡಬೇಕಾದುದು ಇಷ್ಟು: ಊಟಕ್ಕೆ ಮುಂಚೆಯೋ ನಂತರವೋ ಎಂದು ಕೇಳಿ, ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ. ಗ್ಯಾಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ನಿಮ್ಮ ವೈದ್ಯರಿಗೆ ತೋರಿಸಿ.

ನಮ್ಮ ಆಟೋ ಚಾಲಕರು ಈಗ ರಾತ್ರಿ ಮುದ್ದೆ ಉಂಡ ಕೂಡಲೇ ಅದೇ ಕ್ಯಾಪ್ಸೂಲ್ ನುಂಗುತ್ತಾರೆ. ತುರಿಕೆ ಇಳಿಯುತ್ತಿದೆ.