ಟ್ಯೂಬ್ ಡ್ಯಾಕ್ ಮತ್ತು ಹಾಸನೂರಿನ 'ಹ'

ನಮ್ಮೂರ ಹೆಸರು ಹಾಸನೂರು. ಸತ್ಯಮಂಗಲದ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಬರುವ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಅದು ಆಸನೂರು. ತಮಿಳಿನಲ್ಲಿ 'ಹ' ಬರೆಯಲು ಗ್ರಂಥ ಅಕ್ಷರ ಇದೆ, ಆದರೆ ಬೋರ್ಡು ಬರೆಯುವವರು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರನ್ನು ದೂರಿ ಏನು ಬಂತು? ನಮ್ಮ ಕಡೆಯ ಆಡುಗನ್ನಡದಲ್ಲೂ ಹಾಲು ಆಲಾಗಿ, ಹಕ್ಕಿ ಅಕ್ಕಿಯಾಗಿ ಎಷ್ಟೋ ಕಾಲವಾಯಿತು. ಮನೆಯಲ್ಲಿ ಮಕ್ಕಳು ಹಾಗೇ ಮಾತಾಡಲಿ, ಅದು ಅವರ ತಾಯಿಯ ಮಾತು, ತಿದ್ದಲು ನಾವು ಹೋಗುವುದಿಲ್ಲ. ಆದರೆ ಉಕ್ತಲೇಖನದಲ್ಲಿ ಮಗು 'ಅಕ್ಕಿ ಆರಿತು' ಎಂದು ಬರೆದಾಗ ಹಾರಿದ್ದು ಹಕ್ಕಿಯೋ, ಬಿಸಿಲಲ್ಲಿ ಆರಿದ್ದು ಅಕ್ಕಿಯೋ ಗೊತ್ತಾಗದೆ ಕೆಂಪು ಪೆನ್ನು ಹಿಡಿದು ಕೂರುತ್ತೇವೆ ನೋಡಿ, ಆಗ ಕಷ್ಟ.

ಈ ಮಾತು ಯಾಕೆ ಬಂತೆಂದರೆ, ಮೊನ್ನೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. "ಮೇಷ್ಟ್ರೇ, ಮಕ್ಕಳಿಗೆ ಕತೆ, ಪದ್ಯ ಕೇಳಿಸೋಕೆ ಅಂತ ಇಸ್ಕೂಲಿಗೆ ಒಂದು ಟ್ಯೂಬ್ ಡ್ಯಾಕ್ ಕೊಡಿಸ್ತೀನಿ. ಹದಿನೈದು ಸಾವಿರದವರೆಗೂ ಆಗ್ಲಿ, ಪರವಾಗಿಲ್ಲ" ಎಂದ. ಅವನ ಮನೆಯಲ್ಲಿ ಒಂದಿದೆಯಂತೆ. ಕತ್ತಲಲ್ಲಿ ಕೆಂಡದ ಹಾಗೆ ಹೊಳೆಯುತ್ತದೆ, ಧ್ವನಿ ಬೆಣ್ಣೆಯ ಹಾಗೆ ಬರುತ್ತದೆ ಎಂದ. ನಮಗೂ ಗೊತ್ತು. ಏಕೆಂದರೆ ಅಂಥದೇ ಒಂದು ಪೆಟ್ಟಿಗೆ ಎರಡು ವರ್ಷದಿಂದ ನಮ್ಮ ಮನೆಯ ಶೋಕೇಸಿನಲ್ಲೂ ಇದೆ. ಅದನ್ನು ಬಳಸಿದ ಮೇಲೇ ಹೇಳುತ್ತಿದ್ದೇವೆ: ಕನ್ನಡ ಶಾಲೆಗೆ ಬರುವ ಹದಿನೈದು ಸಾವಿರ ಅದಕ್ಕೆ ಹೋಗಬಾರದು.

ಡ್ಯಾಕ್ ಎಂದರೆ ಏನು ಎಂದು ಕೇಳುವ ಮಿತ್ರರಿಗೆ ಎರಡು ಮಾತು. ಮೊಬೈಲಿನಲ್ಲಿ, ಸಿ.ಡಿ.ಯಲ್ಲಿ ಹಾಡು ಹಾಡಾಗಿ ಇರುವುದಿಲ್ಲ, ಅಂಕಿಗಳಾಗಿ ಇರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 44,100 ಸಲ ಧ್ವನಿಯ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ಕೂರಿಸಿರುತ್ತಾರೆ. ಈ ಅಂಕಿಗಳ ಸಾಲನ್ನು ಮತ್ತೆ ಏರಿಳಿಯುವ ವಿದ್ಯುತ್ತಾಗಿ ಮಾಡುವ ಯಂತ್ರವೇ ಡಿಜಿಟಲ್ ಟು ಅನಲಾಗ್ ಕನ್ವರ್ಟರ್, ಅಂದರೆ ಡ್ಯಾಕ್. ನಿಮ್ಮ ಮೊಬೈಲಿನಲ್ಲೂ ಒಂದು ಇದೆ, ಬ್ಲೂಟೂತ್ ಸ್ಪೀಕರಿನ ಹೊಟ್ಟೆಯಲ್ಲೂ ಒಂದು ಇದೆ. ಬೇರೆ ಪೆಟ್ಟಿಗೆಯಾಗಿ ಕೊಂಡರೆ ಅದು ಪ್ರತ್ಯೇಕ ಡ್ಯಾಕ್, ಅಷ್ಟೆ.

ಇನ್ನು ಟ್ಯೂಬು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ (ನಾವೂ ಹೋದೆವು). ಅಂಕಿಯನ್ನು ಧ್ವನಿ ಮಾಡುವ ಕೆಲಸವನ್ನು ಟ್ಯೂಬ್ ಮಾಡುವುದಿಲ್ಲ. ಆ ಕೆಲಸ ಒಂದು ಸಣ್ಣ ಚಿಪ್ಪಿನದು. ಚಿಪ್ಪಿನಿಂದ ಬಂದ ಧ್ವನಿ ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ಟ್ಯೂಬಿನ ಮೂಲಕ ಹಾದುಹೋಗುತ್ತದೆ. ಹಾದುಹೋಗುವಾಗ ಟ್ಯೂಬು ತನ್ನದೊಂದಿಷ್ಟು ಬಣ್ಣ ಸೇರಿಸುತ್ತದೆ. ಮೂಲ ಸ್ವರಕ್ಕೆ ಅದರ ಮೇಲಿನ ಸ್ಥಾಯಿಯ ಸ್ವರವನ್ನು ಚಿಟಿಕೆಯಷ್ಟು ಬೆರೆಸುತ್ತದೆ. ಷಡ್ಜದ ಜೊತೆ ತಾರ ಷಡ್ಜ ಬೆರೆತರೆ ಕಿವಿಗೆ ಹಿತ, ಅದಕ್ಕೇ 'ಬೆಣ್ಣೆ'. ಅಡುಗೆಗೆ ತುಪ್ಪ ಹಾಕಿದ ಹಾಗೆ. ಸಾರೇ ಸರಿಯಿಲ್ಲದಿದ್ದರೆ ತುಪ್ಪ ಏನು ಮಾಡೀತು?

ನಮ್ಮ ಪೆಟ್ಟಿಗೆಯ ಕತೆ ಕೇಳಿ. ಒಂಬತ್ತು ಸಾವಿರ ಕೊಟ್ಟು ತರಿಸಿದೆವು. ಎರಡು ಪುಟ್ಟ ಟ್ಯೂಬು, ಕಿತ್ತಳೆ ಬಣ್ಣದ ಬೆಳಕು. ಮನೆಮಂದಿಯೆಲ್ಲ ದೀಪ ಆರಿಸಿ ಕೂತು ನೋಡಿದ್ದೇ ನೋಡಿದ್ದು. ಒಂದು ದಿನ ಟ್ಯೂಬು ತೆಗೆದು ಒರೆಸೋಣವೆಂದು ಕಿತ್ತರೆ ಬೆಳಕು ಇನ್ನೂ ಉರಿಯುತ್ತಿದೆ! ಕೆಳಗೆ ಒಂದು ಎಲ್.ಇ.ಡಿ. ಇಟ್ಟಿದ್ದರು. ಟ್ಯೂಬಿನ ಒಳಗೂ ತಂತಿ ಕಾಯುತ್ತದೆ ನಿಜ, ಆದರೆ ಅದರ ಬೆಳಕು ಮಂಕು. ನಮಗೆ ಕಂಡಿದ್ದು ಎಲ್.ಇ.ಡಿ.ಯ ವೈಭವ.

ಆಮೇಲೆ ಒಂದು ಪರೀಕ್ಷೆ ಮಾಡಿದೆವು. ಆಂಪ್ಲಿಫೈಯರಿನ ಮುಂದೆ ಬೆಡ್‌ಶೀಟ್ ಕಟ್ಟಿ, ಹಿಂದೆ ಸಹೋದ್ಯೋಗಿಯೊಬ್ಬರನ್ನು ಕೂರಿಸಿ, ಒಮ್ಮೆ ಮೊಬೈಲಿನಿಂದ ನೇರವಾಗಿ, ಒಮ್ಮೆ ಟ್ಯೂಬ್ ಡ್ಯಾಕ್ ಮೂಲಕ ಹಾಡು ಹಾಕಿಸಿದೆವು. ಹಾಡು ಗಾಜನೂರಿನ ಅಣ್ಣಾವ್ರದ್ದೇ, 'ಜೀವನ ಚೈತ್ರ' ಚಿತ್ರದ್ದು, ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದದ್ದು. ಮೊದಲ ಸುತ್ತಿನಲ್ಲಿ ಎಲ್ಲರೂ ಡ್ಯಾಕನ್ನೇ ಸರಿಯಾಗಿ ಗುರುತಿಸಿದರು. ಜಯಘೋಷವೂ ಆಯಿತು. ಆಮೇಲೆ ಹೊಳೆಯಿತು: ಡ್ಯಾಕಿನಿಂದ ಬರುವ ಧ್ವನಿಯೇ ಜೋರು. ಪ್ರತ್ಯೇಕ ಡ್ಯಾಕುಗಳು ಸಾಮಾನ್ಯವಾಗಿ 2 ವೋಲ್ಟಿನವರೆಗೆ ಕೊಡುತ್ತವೆ, ಮೊಬೈಲಿನ ತೂತಿನಿಂದ ಬರುವುದು ಹೆಚ್ಚಾಗಿ ಅದಕ್ಕಿಂತ ಕಡಿಮೆ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎನ್ನುವುದು ಕಿವಿಯ ಗುಣ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಮತ್ತೆ ಕೇಳಿದಾಗ ಹತ್ತು ಸಲಕ್ಕೆ ಐದಾರು ಸಲ ಸರಿ ಹೇಳಿದೆವು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು.

ಹಾಗಂತ ಪೆಟ್ಟಿಗೆ ಮಾರಿಬಿಟ್ಟಿರಾ ಎಂದರೆ ಇಲ್ಲ. ಸಂಜೆ ಮಂಜು ಇಳಿದ ಮೇಲೆ ಅದನ್ನು ಹಾಕಿ, ಟ್ಯೂಬು ಕಾಯುವವರೆಗೆ ಅರ್ಧ ನಿಮಿಷ ಸುಮ್ಮನೆ ಕೂರುವುದು ನಮಗೆ ಇಷ್ಟ. ಆ ಅರ್ಧ ನಿಮಿಷದಲ್ಲಿ ಅಜ್ಜನ ಮನೆಯ ವಾಲ್ವ್ ರೇಡಿಯೋ ನೆನಪಾಗುತ್ತದೆ. ಅದೂ ಕಾದ ಮೇಲೇ ಮಾತಾಡುತ್ತಿತ್ತು. ಅದರ ವಾಲ್ವುಗಳಲ್ಲಿ ಬೆಂಗಳೂರಿನ ಬಿ.ಇ.ಎಲ್. ತಯಾರಿಸಿದ್ದೂ ಇದ್ದವು. ಬಿ.ಇ.ಎಲ್. 1961ರಿಂದಲೇ ರೇಡಿಯೋ ವಾಲ್ವು ಮಾಡುತ್ತಿತ್ತು, ಇಂದಿಗೂ ಹಳೆ ಸಾಮಾನಿನ ಹವ್ಯಾಸಿಗಳು ಅವನ್ನು ಹುಡುಕಿ ಕೊಳ್ಳುತ್ತಾರೆ. ಆ ರೇಡಿಯೋದಲ್ಲಿ ಹಿರಿಯರಿಗೆ ಮೈಸೂರು ನಿಲಯವೇ ದೇವರು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರೇಷಕ ಇಟ್ಟು ಶುರುಮಾಡಿದ ನಿಲಯ ಅದು. 'ಆಕಾಶವಾಣಿ' ಎಂಬ ಹೆಸರು ಇಡೀ ದೇಶಕ್ಕೆ ಹೋಗಿದ್ದೂ ಅಲ್ಲಿಂದಲೇ.

ಆದರೆ ಆ ಹಳೆ ರೇಡಿಯೋದ 'ಸಿಹಿ' ಧ್ವನಿಯ ಬಗ್ಗೆ ಭಾವುಕರಾಗುವ ಮುನ್ನ ಯೋಚಿಸಬೇಕು. ಮೀಡಿಯಂ ವೇವ್ ಸೆಟ್ಟುಗಳಲ್ಲಿ ಮೇಲಿನ ಕಂಪನಗಳು ಬಹುಪಾಲು ಕತ್ತರಿಸಿಹೋಗಿರುತ್ತಿದ್ದವು. ಸಿಹಿ ಎನಿಸಲು ಅದೂ ಒಂದು ಕಾರಣ, ಮರದ ಪೆಟ್ಟಿಗೆ ಮತ್ತು ದೊಡ್ಡ ಸ್ಪೀಕರು ಇನ್ನೊಂದು. ಅಷ್ಟು ಕತ್ತರಿಸಿಯೂ ನಮಗೆ 'ಹ' ಕೇಳಿಸಿದ್ದು ಓದುವವರ ಉಚ್ಚಾರಣೆಯಿಂದ. ವಾರ್ತೆ ಓದುವವರು ದನ ಬೇರೆ, ಧನ ಬೇರೆ ಮಾಡಿ ಹೇಳುತ್ತಿದ್ದರು. ಟಿ.ಸಿ.ಎಚ್. ಓದುವಾಗ ನಮ್ಮ ಗುರುಗಳು, "ನಿನ್ನ ಮಹಾಪ್ರಾಣ ಪರವಾಗಿಲ್ಲವಲ್ಲೋ, ಎಲ್ಲಿ ಕಲಿತೆ?" ಎಂದಾಗ "ರೇಡಿಯೋ ಸಾರ್" ಎಂದಿದ್ದೆವು.

ಈಗ ನಮ್ಮ ಮಕ್ಕಳಿಗೆ ಅದು ಎಲ್ಲಿ ಸಿಗಬೇಕು? ಅಂಗಡಿಯಲ್ಲಿ ತಮಿಳು, ಬಸ್ಸಿನಲ್ಲಿ ತಮಿಳು, ಮೊಬೈಲಿನಲ್ಲಿ ಎಲ್ಲಾ ಭಾಷೆಯ ಕಲಸುಮೇಲೋಗರ. ತಮಿಳು ಚೆಂದದ ಭಾಷೆ, ನಾವೂ ಕಲಿತಿದ್ದೇವೆ, ಮಕ್ಕಳೂ ಕಲಿಯಲೇಬೇಕು. ಆದರೆ ಆ ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ಪ-ಬ ಎರಡಕ್ಕೂ ಒಂದೇ. ಎರಡೂ ಲಿಪಿ ಒಟ್ಟಿಗೆ ಕಲಿಯುವ ಮಗುವಿಗೆ ಕನ್ನಡದ ಕ ಖ ಗ ಘ ಬೇರೆ ಬೇರೆ ಎಂದು ತಿಳಿಸಿಕೊಡುವುದು ಕಿವಿಯೊಂದೇ. ನಾಲ್ಕು ತರಗತಿಗೆ ಒಬ್ಬರೋ ಇಬ್ಬರೋ ಇರುವ ಕಡೆ ಮೇಷ್ಟ್ರ ಗಂಟಲು ಎಷ್ಟು ಹೊತ್ತು ಬಾಳುತ್ತದೆ? ಅದಕ್ಕೇ ಒಳ್ಳೆಯ ಧ್ವನಿಮುದ್ರಣ, ಒಳ್ಳೆಯ ಸ್ಪೀಕರು ನಮಗೆ ಶೋಕಿ ಅಲ್ಲ, ಸೀಮೆಸುಣ್ಣದ ಹಾಗೆ ಬೇಕಾದ ಸಾಮಾನು.

ನಮ್ಮಲ್ಲಿರುವ ಬ್ಲೂಟೂತ್ ಡಬ್ಬಿಯಲ್ಲಿ ಬಾಸ್ ಗುಂಯ್ ಎನ್ನುತ್ತದೆ, ಮಾತು ಮುಳುಗುತ್ತದೆ. 'ಸ' 'ಶ' ಧ್ವನಿಗಳ ಜೀವ ಮೇಲಿನ ಕಂಪನಗಳಲ್ಲಿದೆ. 'ಹ' ಎಂದರೆ ಬರೀ ಉಸಿರು, ತಗಡಿನ ಚಾವಣಿಯ ಕೋಣೆಯ ಮಾರ್ದನಿಯಲ್ಲಿ ಮೊದಲು ಸಾಯುವುದು ಅದೇ. ಒಂದು ದಿನ ಡಬ್ಬಿಯನ್ನು ಮೂಲೆಯ ಬೀರುವಿನ ಮೇಲಿಂದ ಇಳಿಸಿ, ಮಕ್ಕಳ ಕಿವಿಯ ಎತ್ತರಕ್ಕೆ ಹತ್ತಿರ ಇಟ್ಟು, ಹಿಂದಿನ ಗೋಡೆಗೆ ಗೋಣಿತಾಟು ನೇತುಹಾಕಿ ಅದೇ ಕತೆಯ ಉಕ್ತಲೇಖನ ಕೊಟ್ಟೆವು. ಆ ದಿನ ಕೆಂಪು ಪೆನ್ನಿಗೆ ಕೆಲಸ ಕಡಿಮೆ. ಎರಡನೇ ಸಲ ಕೇಳಿದ್ದರಿಂದಲೂ ಇರಬಹುದು ಎಂದು ಬೇರೆ ಕತೆ ಹಾಕಿ ನೋಡಿದೆವು. ಹಕ್ಕಿ ಹಾರಿತು, ಅಕ್ಕಿ ಆರಲಿಲ್ಲ! ಇದಕ್ಕೆ ಆದ ಖರ್ಚು ಒಂದು ಮೊಳೆ.

ಇನ್ನೊಂದು, ಮೂಲವೇ ಕೆಟ್ಟಿದ್ದರೆ ಯಾವ ಡ್ಯಾಕೂ ಏನೂ ಮಾಡಲಾರದು. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ, ಹಿಂಡಿ ಹಿಪ್ಪೆಯಾದ ಪದ್ಯವನ್ನು ತುಂಬ ಕಡೆ ಹಾಕುತ್ತಾರೆ. ಹಿಂಡುವಾಗ ಹೋದದ್ದು ಹೋಯಿತು. ಅದಕ್ಕಿಂತ ಮೇಷ್ಟ್ರು ಶಾಂತವಾದ ಕೋಣೆಯಲ್ಲಿ ಮೊಬೈಲನ್ನು ಗೇಣು ದೂರ ಹಿಡಿದು ತಾವೇ ಓದಿ ಮುದ್ರಿಸಿಕೊಂಡರೆ ಎಷ್ಟೋ ವಾಸಿ.

ಮನೆಗೆ ಟ್ಯೂಬ್ ಡ್ಯಾಕ್ ಬೇಕೇ ಬೇಕು ಎನ್ನುವವರನ್ನು ನಾವು ತಡೆಯುವುದಿಲ್ಲ, ತಡೆಯುವ ಮುಖವೂ ನಮಗಿಲ್ಲ. ಮೊದಲು ಸ್ಪೀಕರಿಗೆ ದುಡ್ಡು ಹಾಕಿ, ಉಳಿದರೆ ಇದು. ಟ್ಯೂಬಿನ ನಂಬರು ನೋಡಿ. 12ಎಯು7, 6922 ಇಂಥ ಸಾಮಾನ್ಯ ಜಾತಿಯದಾದರೆ ಮುಂದೆ ಬದಲಿ ಸಿಗುತ್ತದೆ. ಟ್ಯೂಬಿನ ದಾರಿ ಬಿಟ್ಟು ನೇರ ಕೇಳುವ ಸ್ವಿಚ್ಚು ಇದ್ದರೆ ಒಳ್ಳೆಯದು, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಜೀರುಂಡೆಯ ಹಾಗೆ ಗುಂಯ್‌ಗುಟ್ಟುತ್ತದೆ, ಅದಕ್ಕೆ ಪೆಟ್ಟಿಗೆಯನ್ನು ಬೈಯಬೇಡಿ. ನಮ್ಮ ಕಾಡಿನಲ್ಲಿ ಮರ ಬಿದ್ದೋ, ಆನೆ ಕಂಬ ನೂಕಿಯೋ ಕರೆಂಟು ಹೋಗಿ ಬರುವುದು ಮಾಮೂಲು. ಗುಡುಗು ಕೇಳಿದೊಡನೆ ಪ್ಲಗ್ ಕಿತ್ತುಬಿಡಿ. ನಿಜವಾದ ಟ್ಯೂಬ್ ಯಂತ್ರದ ಒಳಗೆ ನೂರಿನ್ನೂರು ವೋಲ್ಟು ಓಡುತ್ತದೆ, ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಮುಚ್ಚಳ ತೆಗೆದು ಕೈ ಹಾಕುವ ಸಾಹಸ ಬೇಡ. ಬೆಚ್ಚಗಿರುತ್ತದೆಂದು ಹಲ್ಲಿ ಬಂದು ಮಲಗುತ್ತದೆ, ಅದನ್ನೂ ನೋಡಿಕೊಳ್ಳಿ.

ಶಾಲೆಗೆ ಏನು ಬೇಕೆಂದು ಹಳೆ ವಿದ್ಯಾರ್ಥಿಗೆ ಬರೆದು ಕಳಿಸಿದ್ದೇವೆ: ಮಾತು ಸ್ಪಷ್ಟವಾಗಿ ಬರುವ ಒಂದು ಜೊತೆ ವೈರಿನ ಸ್ಪೀಕರು, ಅದನ್ನು ನಿಲ್ಲಿಸಲು ಸ್ಟ್ಯಾಂಡು, ಕಿಟಕಿಗೆ ದಪ್ಪ ಪರದೆ, ಒಂದು ಮೈಕು, ಮೊಬೈಲಿಗೆ ಚುಚ್ಚುವ ಬೆರಳುದ್ದದ ಸಾದಾ ಡ್ಯಾಕು. ಎಲ್ಲಾ ಸೇರಿ ಅವನ ಹದಿನೈದು ಸಾವಿರದೊಳಗೇ ಬರುತ್ತದೆ. ಅವನಿಗೆ ಸ್ವಲ್ಪ ಬೇಸರವಾಗಿದೆ. "ಟ್ಯೂಬು ನೋಡಿದ್ರೆ ಮಕ್ಕಳು ಖುಷಿ ಪಡ್ತಿದ್ವು ಮೇಷ್ಟ್ರೇ" ಎಂದ. ಅದೂ ಸುಳ್ಳಲ್ಲ. ನೋಡುವ ಖುಷಿಗೆ ನಮ್ಮ ಮನೆಯದನ್ನೇ ಒಂದು ದಿನ ವಿಜ್ಞಾನದ ಪಾಠಕ್ಕೆ ತರುತ್ತೇವೆ, ಎಲ್.ಇ.ಡಿ. ಸಮೇತ ತೋರಿಸುತ್ತೇವೆ ಎಂದೆವು. ನಕ್ಕ. ಯುಗಾದಿಗೆ ಊರಿಗೆ ಬಂದಾಗ ಬೆಡ್‌ಶೀಟಿನ ಈಚೆ ಅವನನ್ನೂ ಕೂರಿಸುವುದೆಂದು ಮಾತಾಗಿದೆ. ತನ್ನ ಡ್ಯಾಕನ್ನೂ ಹೊತ್ತು ತರುತ್ತಾನಂತೆ.