ಬಿಲ್ಲಿನಲ್ಲಿ ಬರೆಯದ ಲೆಕ್ಕ

ಮೊಮ್ಮಗಳು ಈಗ ಎರಡನೇ ಪಿಯುಸಿ. ಹೋದ ಭಾನುವಾರ ಅರ್ಥಶಾಸ್ತ್ರದ ಪುಸ್ತಕ ಹಿಡಿದುಕೊಂಡು ಜಗಲಿಗೆ ಬಂದಳು.

"ತಾತ, ಬಾಹ್ಯತೆ ಅಂದ್ರೇನು? ಪುಸ್ತಕದಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ, ನದಿ, ಮೀನು ಅಂತ ಏನೇನೋ ಇದೆ. ನಮ್ಮ ರಾಮನಗರದಲ್ಲಿ ತೈಲದ ಕಾರ್ಖಾನೆ ಎಲ್ಲಿದೆ?"

"ಕಾರ್ಖಾನೆ ಯಾಕಮ್ಮ, ನಾನೇ ಇದ್ದೀನಲ್ಲ" ಅಂದೆ. ಅವಳು ಮುಖ ಮುಖ ನೋಡಿದಳು. ಮಕ್ಕಳೇ, ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನೌಕರಿಯ ಮೂವತ್ತು ವರ್ಷ ನಾನು ಬೆಂಗಳೂರಿನ ಮೈಸೂರು ರಸ್ತೆಯ ಕಡೆ ಇದ್ದೆ. ನೀರಿನ ಬಿಲ್ಲನ್ನು ಒಂದು ತಿಂಗಳೂ ತಪ್ಪಿಸಿದವನಲ್ಲ. ಅಂಗಡಿಯವನಿಗೆ ಸೋಪಿನ ದುಡ್ಡು ಬಾಕಿ ಇಟ್ಟವನೂ ಅಲ್ಲ. ಆದರೆ ಸ್ನಾನ ಮಾಡಿದ ನೀರು, ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ಅದು ಬಚ್ಚಲಿಂದ ಮೋರಿಗೆ, ಮೋರಿಯಿಂದ ವೃಷಭಾವತಿಗೆ ಹೋಗುತ್ತಿತ್ತು. ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತದೆ. ಮುಂದೆ ಅರ್ಕಾವತಿಯನ್ನು ಸೇರಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ.

ಆ ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲೇ ನನ್ನ ಅಕ್ಕನ ಗದ್ದೆ. ನಾನು ಹುಡುಗನಾಗಿದ್ದಾಗ ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ಕೆರೆಯಲ್ಲಿ ಈಜಿದ್ದೇ ಈಜಿದ್ದು. ಭಾವ ಹಿಡಿದು ತಂದ ಮೀನಿಗೆ ಅಕ್ಕ ಹುಣಸೆಹುಳಿ ಬಿಟ್ಟು ಸಾರು ಮಾಡುತ್ತಿದ್ದಳು. ಬೆಂಗಳೂರು ಬೆಳೆದಂತೆ ಅಲ್ಲಿನ ಮನೆಗಳ ಕೊಳಕು, ಕಾರ್ಖಾನೆಗಳ ಕೊಳಕು ಎಲ್ಲ ಈ ಕಡೆಗೇ ಹರಿಯಿತು. ನಡುವೆ ಶುದ್ಧೀಕರಣ ಘಟಕಗಳೂ ಇವೆ, ಆದರೂ ಕೆರೆಯ ನೀರು ಕಪ್ಪಾಯಿತು, ನೊರೆ ಬಂತು, ನಾತ ಬಂತು. ಅಕ್ಕನ ಮನೆಯವರು ಭತ್ತ ಬಿಟ್ಟು ಹಸುವಿಗೆ ಹುಲ್ಲು ಹಾಕಿದರು. ಬಾವಿಯ ನೀರನ್ನು ಬಾಯಿಗೆ ಇಡುವ ಹಾಗಿಲ್ಲ. ಕುಡಿಯುವುದಕ್ಕೆ ಕ್ಯಾನ್ ನೀರು.

ಒಮ್ಮೆ ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋಗಿದ್ದೆ. ಅಕ್ಕ ನಗುನಗುತ್ತಲೇ ಅಂದಳು: "ತವರಿನ ಬಾಗಿನ ವರ್ಷಕ್ಕೊಂದು ಸಲ ಬರ್ತದೆ. ನಿನ್ನ ಬಚ್ಚಲ ನೀರು ದಿನಾ ಬರ್ತದೆ ಕಣೋ." ಅವತ್ತು ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಸೋಪು ಮಾರಿದವನಿಗೆ ಲಾಭ, ಕೊಂಡ ನನಗೂ ಅನುಕೂಲ. ಆ ವ್ಯಾಪಾರದಲ್ಲಿ ಅಕ್ಕ ಇರಲೇ ಇಲ್ಲ, ಆದರೆ ಅದರ ಖರ್ಚಿನಲ್ಲಿ ಒಂದು ಪಾಲು ಅವಳ ತಲೆಗೆ ಬಂತು. ಬಾಹ್ಯತೆ ಎಂದರೆ ಇಷ್ಟೇ. ಇಂಗ್ಲೆಂಡಿನ ಪಿಗೂ ಎಂಬ ಅರ್ಥಶಾಸ್ತ್ರಜ್ಞ 1920ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ವಿಚಾರ ಮಾಡಿದ್ದಾನೆ. ಹಾನಿ ಮಾಡುವವರ ಮೇಲೆ ತೆರಿಗೆ ಹಾಕಿದರೆ ಆ ಖರ್ಚು ಅವರ ಲೆಕ್ಕಕ್ಕೇ ಬರುತ್ತದೆ ಎನ್ನುವುದು ಅವನ ದಾರಿ. ಕೇಳಲು ಸುಲಭ. ಆದರೆ ಲಕ್ಷಾಂತರ ಬಚ್ಚಲುಗಳಲ್ಲಿ ಯಾರ ನೊರೆ ಎಷ್ಟು ಎಂದು ಅಳೆಯುವವರು ಯಾರು? ನಾನೊಬ್ಬ ಸ್ನಾನ ಬಿಟ್ಟರೆ ಕೆರೆ ತಿಳಿಯಾಗುತ್ತದೆಯೇ ಎಂದು ನಾನೂ ಸುಮ್ಮನಿದ್ದೆ, ಪಕ್ಕದ ಮನೆಯವರೂ ಸುಮ್ಮನಿದ್ದರು.

"ಹಾಗಾದ್ರೆ ಬಾಹ್ಯತೆ ಎಲ್ಲ ಕೆಟ್ಟದ್ದೇನಾ?" ಎಂದಳು ಮೊಮ್ಮಗಳು.

ಅಲ್ಲ. ಇದೇ ಜಿಲ್ಲೆಯ ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆ ನೋಡಬೇಕು. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಅಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ, ದನ ಮೇಯದ ಹಾಗೆ ಮುಳ್ಳು ಕಟ್ಟಿ ಬೆಳೆಸಿದರು. 385 ಮರ ಎಂದು ಲೆಕ್ಕ. ಕೂಲಿ ಮಾಡಿ ಬದುಕಿದವರು ಅವರು. ಆ ನೆರಳಿಗೆ ಬೇಲಿ ಹಾಕಿ ಟಿಕೆಟ್ ಇಡಲಾಗದು, ನಾನು ಕೂತೆ ಅಂತ ನಿಮ್ಮ ಪಾಲಿನ ತಂಪೂ ಕಡಿಮೆಯಾಗದು. ಪುಸ್ತಕದವರು ಇಂಥದ್ದಕ್ಕೆ ಸಾರ್ವಜನಿಕ ಸರಕು ಅನ್ನುತ್ತಾರೆ. (ಸರಕು ಅನ್ನುವ ಮಾತು ನನಗೇನೋ ಒಗ್ಗುವುದಿಲ್ಲ, ಸಂತೆಯ ಮೂಟೆ ನೆನಪಾಗುತ್ತದೆ.) ಮಾರಲು ಬಾರದ ವಸ್ತುವನ್ನು ವ್ಯಾಪಾರಿ ಬೆಳೆಸುವುದಿಲ್ಲ. ಸರ್ಕಾರ ಬೆಳೆಸಬೇಕು, ಇಲ್ಲವೇ ತಿಮ್ಮಕ್ಕನಂಥವರು ಹುಟ್ಟಬೇಕು.

2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಮಾತೂ ಬಂದು, ಮರ ಕಡಿಯಬೇಡಿ ಎಂದು ತಿಮ್ಮಕ್ಕನೇ ಸರ್ಕಾರವನ್ನು ಕೇಳಿಕೊಳ್ಳಬೇಕಾಯಿತು. ಮರದ ದಿಮ್ಮಿಗೆ ಬೆಲೆ ಕಟ್ಟಬಹುದು, ನೆರಳಿನ ಬೆಲೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ ನೋಡಿ. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡರು.

ಮೊಮ್ಮಗಳು ಪುಸ್ತಕ ಮಡಚಿಟ್ಟು ಫೋನು ತೆಗೆದಳು.

"ದೊಡ್ಡಜ್ಜಿ, ತಿಂಗಳಿಗೆ ಎಷ್ಟು ಕ್ಯಾನ್ ನೀರು ತರಿಸ್ತೀಯ?"

ಹನ್ನೆರಡು, ಒಂದಕ್ಕೆ ಮೂವತ್ತು ರೂಪಾಯಿ ಎಂದಿತು ಆ ಕಡೆಯ ದನಿ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗುಣಿಸಿ, ವರ್ಷಕ್ಕೆ 4,320 ಎಂದು ಬರೆದು ನನ್ನ ಮುಂದೆ ಹಿಡಿದಳು.

"ತಾತ, ಇದು ನೀನು ಕಟ್ಟದೇ ಇರೋ ಬಿಲ್ಲು."

"ನಾನೊಬ್ಬನೇ ಅಲ್ವಲ್ಲಮ್ಮ" ಅಂದೆ. ಅನ್ನುವಾಗಲೇ ಹಳೇ ಮಾತು ಮತ್ತೆ ಬಾಯಿಗೆ ಬಂತಲ್ಲ ಅನ್ನಿಸಿತು.

"ಗದ್ದೆಯದು ಇನ್ನೂ ಸೇರಿಸಿಲ್ಲ" ಎಂದು ಅವಳು ಪೆನ್ಸಿಲ್ ಚೂಪು ಮಾಡತೊಡಗಿದಳು.